ಲಾರಿಗೆ ಯಾವ ವಿಂಚ್? ಮೊದಲು ಮಣ್ಣು ನೋಡಿ, ಆಮೇಲೆ ಮೋಟರ್ ನೋಡಿ

ಸೋಲಾಪುರದಿಂದ ಹೊರಟು ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ ದಾಟಿ ಮಂಗಳೂರಿಗೆ ಬರುವ ರಸ್ತೆಗೆ ಹಿಂದೆ ಒಂದೇ ನಂಬರ್ ಇತ್ತು, ರಾಷ್ಟ್ರೀಯ ಹೆದ್ದಾರಿ 13. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾದ ಮೇಲೆ ವಿಜಯಪುರದಿಂದ ಚಿತ್ರದುರ್ಗದವರೆಗಿನ ಭಾಗ 50 ಆಯಿತು, ಶಿವಮೊಗ್ಗದಿಂದ ಮಂಗಳೂರಿನ ಭಾಗ 169 ಆಯಿತು. ನಂಬರ್ ಬದಲಾಯಿತೇ ಹೊರತು ನಮ್ಮವರ ಓಡಾಟ ಬದಲಾಗಲಿಲ್ಲ. ಬಸವನ ಬಾಗೇವಾಡಿ ಕಡೆಯ ನೀರುಳ್ಳಿ, ಇಂಡಿಯ ಲಿಂಬೆ, ಸಿಂದಗಿ ಮತ್ತು ಮುದ್ದೇಬಿಹಾಳದ ತೊಗರಿ ತರಲು ಕರಾವಳಿಯ ಲಾರಿಗಳು ಇಂದಿಗೂ ಹೋಗುತ್ತವೆ. ಲಾರಿ ಮಾಲಕರು, ಡ್ರೈವರ್‌ಗಳು, ಕ್ಲೀನರ್‌ಗಳು ಎಂದು ಈ ದುಡಿಮೆಯಲ್ಲಿ ಬದುಕುವ ಮನೆಗಳು ನಮ್ಮಲ್ಲಿ ಬಹಳ ಉಂಟು.

ಇತ್ತೀಚೆಗೆ ಈ ಮನೆಗಳಲ್ಲಿ ಒಂದು ಹೊಸ ಚರ್ಚೆ ಶುರುವಾಗಿದೆ. ಲಾರಿಗೆ ವಿಂಚ್ ಹಾಕಿಸಬೇಕಾ? ಹಾಕಿಸುವುದಾದರೆ ಬ್ಯಾಟರಿಯಲ್ಲಿ ಓಡುವ ಇಲೆಕ್ಟ್ರಿಕ್ ವಿಂಚಾ, ಇಂಜಿನ್ ಬಲದಲ್ಲಿ ಎಣ್ಣೆ ಒತ್ತಡದಿಂದ ಓಡುವ ಹೈಡ್ರಾಲಿಕ್ ವಿಂಚಾ? ಸೌದಿಯಲ್ಲಿ ಹತ್ತು ವರ್ಷ 'ಸತ್ಹಾ' ಓಡಿಸಿ, ಅಂದರೆ ಕೆಟ್ಟ ಗಾಡಿ ಹೊತ್ತೊಯ್ಯುವ ಲಾರಿ ಓಡಿಸಿ ಊರಿಗೆ ಬಂದ ಯುವಕರು ಇಲ್ಲೂ ಅದೇ ದಂಧೆ ಮಾಡುವ ಆಲೋಚನೆಯಲ್ಲಿದ್ದಾರೆ. ಮೊಬೈಲ್‌ನಲ್ಲಿ ವೀಡಿಯೊ ನೋಡಿದ ಮಕ್ಕಳು, "ಉಪ್ಪಾ, ಒಂದು ಇಲೆಕ್ಟ್ರಿಕ್ ವಿಂಚ್ ತರಿಸಿ ಮುಂದೆ ಕೂರಿಸಿದರೆ ಆಯಿತಲ್ಲ" ಅನ್ನುತ್ತಾರೆ. ಅಂಗಡಿಯವರು ಪೆಟ್ಟಿಗೆಯ ಮೇಲಿನ ನಂಬರ್ ತೋರಿಸುತ್ತಾರೆ. ಸಾಲ ಮಾತ್ರ ಮನೆಯ ಮೇಲೆ ಬರುತ್ತದೆ. ಆದ್ದರಿಂದ ಇದು ವರ್ಕ್‌ಶಾಪಿನ ಮಾತು ಎಂದು ಬಿಡದೆ, ಮನೆಯವರೂ ಕೂತು ಮಾತಾಡಬೇಕಾದ ವಿಷಯ ಎಂದು ನಾವು ಭಾವಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸರಕು ಸಾಗಿಸುವ ಲಾರಿಗೆ ದೊಡ್ಡ ವಿಂಚ್ ಬೇಡ. ಬೇಕೇ ಬೇಕೆಂದಾದರೆ ಒಂದು ಸಾಧಾರಣ ಇಲೆಕ್ಟ್ರಿಕ್ ವಿಂಚ್ ಮತ್ತು ಎರಡು ಒಳ್ಳೆಯ ಕಪ್ಪಿ ಸಾಕು. ಬೇರೆಯವರ ಗಾಡಿ ಎಳೆಯುವುದನ್ನೇ ದುಡಿಮೆ ಮಾಡಿಕೊಳ್ಳುವವರು ಹೈಡ್ರಾಲಿಕ್ ಬಿಟ್ಟು ಬೇರೆ ಆಲೋಚಿಸಬಾರದು. ಇದಕ್ಕೆ ಕಾರಣಗಳು ಉಂಟು.

ಎರೆಮಣ್ಣಿನ ಹಿಡಿತ

ನಮ್ಮ ಕರಾವಳಿಯ ಮಣ್ಣು ಬೇರೆ, ಆ ಕಡೆಯ ಮಣ್ಣು ಬೇರೆ. ಇಲ್ಲಿ ಮುರಕಲ್ಲಿನ ಕೆಂಪು ಮಣ್ಣು. ಎಷ್ಟು ಮಳೆ ಬಂದರೂ ನೀರು ಇಳಿದು ಹೋಗುತ್ತದೆ, ಅಡಿಯಲ್ಲಿ ಗಟ್ಟಿ ನೆಲ ಸಿಗುತ್ತದೆ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಹಾಗಾಗಿ "ಅಲ್ಲಿ ಎಂಥ ಮಳೆ ಮಾರಾಯ್ರೆ" ಎಂದು ನಮ್ಮ ಡ್ರೈವರ್‌ಗಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿಯೇ ತಪ್ಪುವುದು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒದ್ದೆಯಾದಾಗ ಅದು ಬೆಣ್ಣೆಯ ಹಾಗೆ ಜಾರುತ್ತದೆ, ಅಂಟಿನ ಹಾಗೆ ಹಿಡಿಯುತ್ತದೆ. ಚಕ್ರ ಇಳಿದ ಮೇಲೆ ಮಣ್ಣು ಸುತ್ತ ಕೂತು, ಕೆಳಗೆ ಗಾಳಿ ಹೋಗದ ಹಾಗೆ ಮುಚ್ಚಿಕೊಳ್ಳುತ್ತದೆ. ಆಗ ಎಳೆಯಬೇಕಾದದ್ದು ಲಾರಿಯ ಭಾರವನ್ನು ಮಾತ್ರವಲ್ಲ, ಮಣ್ಣಿನ ಹೀರುವಿಕೆಯನ್ನೂ ಸೇರಿಸಿ. ಅದೂ ಅಲ್ಲದೆ ಅಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಹೊಲದ ಬದಿಯಿಂದ ನೀರುಳ್ಳಿ ಲೋಡ್ ಮಾಡಲು ಗಾಡಿ ಇಳಿಸುವುದೂ ಅದರ ಹಿಂದುಮುಂದಿನಲ್ಲೇ. ಡೋಣಿ ಹೊಳೆಯ ಆಸುಪಾಸು, ಭೀಮಾ ದಂಡೆಯ ಸಿಂದಗಿ, ಇಂಡಿ ಕಡೆಯ ಹೊಲದ ದಾರಿಗಳಲ್ಲಿ ಒಂದು ಗಂಟೆಯ ಮಳೆ ಬಂದರೆ ಸಾಕು, ಹತ್ತು ಚಕ್ರದ ಲಾರಿ ನಿಂತಲ್ಲೇ ಕೂರುತ್ತದೆ. ಅಲ್ಲಿಯ ರೈತರು ಬಂದು ನೋಡಿ, "ಗಾಡಿ ಹೂತೈತ್ರೀ, ಲೋಡ್ ಇಳಸ್ರಿ ಮೊದಲ, ಆಮ್ಯಾಲೆ ಜಗ್ಗೋಣ" ಅನ್ನುತ್ತಾರೆ. ಆ ಮಾತಿನಲ್ಲಿ ಪೂರ್ತಿ ಲೆಕ್ಕ ಅಡಗಿದೆ.

ಲೆಕ್ಕ ನೋಡಿ. 2018ರಲ್ಲಿ ಕೇಂದ್ರ ಸರಕಾರ ಲಾರಿಗಳ ತೂಕದ ಮಿತಿ ಹೆಚ್ಚಿಸಿತು. ಮೂರು ಆಕ್ಸಲ್‌ನ ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ ಇದ್ದದ್ದು 28.5 ಟನ್ ಆಯಿತು. ಗಟ್ಟಿ ಡಾಮರಿನ ಮೇಲೆ ಈ ಲಾರಿಯನ್ನು ಉರುಳಿಸಲು ಅರ್ಧ ಟನ್ನಿನ ಎಳೆತ ಸಾಕು. ಅದೇ ಲಾರಿ ಚಕ್ರದ ಅರ್ಧದವರೆಗೆ ಕೆಸರಿನಲ್ಲಿ ಹೂತರೆ, ಅದರ ತೂಕದ ಅರ್ಧದಷ್ಟಾದರೂ ಎಳೆತ ಬೇಕು, ಅಂದರೆ 14 ಟನ್ ಮೇಲೆ. ಆಕ್ಸಲ್ ಮುಳುಗಿದರೆ ಇನ್ನೂ ಹೆಚ್ಚು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇಲೆಕ್ಟ್ರಿಕ್ ವಿಂಚ್ ಮೇಲೆ 12,000 ಪೌಂಡ್ ಎಂದು ಬರೆದಿರುತ್ತದೆ. ನಂಬರ್ ದೊಡ್ಡದಾಗಿ ಕಾಣುತ್ತದೆ, ಆದರೆ ಕಿಲೋ ಲೆಕ್ಕಕ್ಕೆ ತಂದರೆ ಸುಮಾರು 5.4 ಟನ್. ಅದೂ ಡ್ರಮ್ಮಿನ ಮೇಲೆ ರೋಪ್‌ನ ಮೊದಲ ಪದರ ಮಾತ್ರ ಉಳಿದಿರುವಾಗ. ರೋಪ್ ಪದರದ ಮೇಲೆ ಪದರ ಸುತ್ತಿಕೊಂಡಂತೆ ಎಳೆಯುವ ಬಲ ಇಳಿಯುತ್ತಾ ಹೋಗಿ, ಮೇಲಿನ ಪದರಕ್ಕೆ ಬರುವಾಗ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿರುತ್ತದೆ. ಪೆಟ್ಟಿಗೆಯ ಮೇಲಿನ ನಂಬರ್ ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ.

ಈಗ ರೈತರ ಮಾತಿಗೆ ಬನ್ನಿ. ಲೋಡ್ ಇಳಿಸಿದರೆ ಅದೇ ಲಾರಿ ಸುಮಾರು 10 ಟನ್ ಆಗುತ್ತದೆ. ಬೇಕಾದ ಎಳೆತ 5 ಟನ್ ಹತ್ತಿರಕ್ಕೆ ಇಳಿಯಿತು. ನಾಲ್ಕು ಹಮಾಲರ ಮೂರು ಗಂಟೆಯ ಕೂಲಿ, ಒಂದು ದೊಡ್ಡ ವಿಂಚಿನ ಕೆಲಸ ಮಾಡಿತು.

ಇಲೆಕ್ಟ್ರಿಕ್ ಎಲ್ಲಿಗೆ ಸರಿ, ಎಲ್ಲಿಗೆ ಅಲ್ಲ

ಇಲೆಕ್ಟ್ರಿಕ್ ವಿಂಚಿನ ಗುಣವನ್ನು ಅಲ್ಲಗಳೆಯುವುದಿಲ್ಲ. ಕೂರಿಸುವುದು ಸುಲಭ, ಬೆಲೆ ಕಡಿಮೆ, ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ. ಇಂಜಿನ್ ಬಂದ್ ಬಿದ್ದರೂ ಬ್ಯಾಟರಿಯಲ್ಲಿ ಚಾರ್ಜ್ ಇರುವಷ್ಟು ಹೊತ್ತು ಎಳೆಯುತ್ತದೆ. ಪಿಕಪ್, ಜೀಪು, ಸಣ್ಣ ಟೆಂಪೊಗಳಿಗೆ ಇದಕ್ಕಿಂತ ಒಳ್ಳೆಯದು ಬೇಡ.

ಆದರೆ ಅದರ ಹಸಿವು ದೊಡ್ಡದು. ಪೂರ್ತಿ ಭಾರ ಬಿದ್ದಾಗ 300ರಿಂದ 400 ಆಂಪಿಯರ್ ಕರೆಂಟ್ ಎಳೆಯುತ್ತದೆ. ಲಾರಿಯ ಆಲ್ಟರ್ನೇಟರ್ ಕೊಡುವುದು ಅದರ ಕಾಲು ಭಾಗವೋ ಮೂರರಲ್ಲಿ ಒಂದು ಭಾಗವೋ. ಉಳಿದದ್ದೆಲ್ಲ ಬ್ಯಾಟರಿಯಿಂದ ಹೋಗಬೇಕು. ಆದ್ದರಿಂದ ಒಂದೆರಡು ನಿಮಿಷ ಎಳೆದು, ನಿಲ್ಲಿಸಿ, ಮೋಟರ್ ತಣಿಯಲು ಬಿಟ್ಟು, ಮತ್ತೆ ಎಳೆಯುವುದು ಅದರ ಕ್ರಮ. ಏಪ್ರಿಲ್, ಮೇ ತಿಂಗಳಲ್ಲಿ ಆ ನಾಲ್ಕೂ ತಾಲೂಕಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಮೋಟರ್ ತಣಿಯುವುದು ಎಷ್ಟು ಹೊತ್ತಿಗೆ? ಅವಸರಕ್ಕೆ ಬಿದ್ದು ಬಟನ್ ಒತ್ತಿ ಹಿಡಿದರೆ ಒಳಗಿನ ತಂತಿ ಸುಟ್ಟು ವಾಸನೆ ಬರುತ್ತದೆ. ಅಲ್ಲಿಗೆ ಮುಗಿಯಿತು.

ಇನ್ನೊಂದು ಎಚ್ಚರಿಕೆ. ನಮ್ಮ ದೊಡ್ಡ ಲಾರಿಗಳಲ್ಲಿ ಇರುವುದು 24 ವೋಲ್ಟ್, ಎರಡು 12 ವೋಲ್ಟ್ ಬ್ಯಾಟರಿ ಜೋಡಿಸಿದ್ದು. ಜೀಪಿನ 12 ವೋಲ್ಟ್ ವಿಂಚ್ ಅಗ್ಗಕ್ಕೆ ಸಿಕ್ಕಿತೆಂದು ತಂದು, ಒಂದೇ ಬ್ಯಾಟರಿಯಿಂದ ವಯರ್ ಎಳೆದುಕೊಡುವವರು ಇದ್ದಾರೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಖಾಲಿಯಾಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಅತಿಯಾಗುತ್ತದೆ, ಕೊನೆಗೆ ಎರಡೂ ಹಾಳಾಗುತ್ತವೆ. ತೆಗೆದುಕೊಳ್ಳುವುದಾದರೆ 24 ವೋಲ್ಟಿನದ್ದೇ ತೆಗೆದುಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಉಂಟು. ತನ್ನನ್ನು ತಾನು ಎಳೆದುಕೊಳ್ಳುವ ಲಾರಿಗೆ ರೋಪ್ ಕಟ್ಟಲು ಎದುರಿಗೆ ಏನಾದರೂ ಬೇಕಲ್ಲ? ನಮ್ಮ ಘಾಟಿಗಳಲ್ಲಿ ಹತ್ತು ಮಾರಿಗೊಂದು ಮರ. ಸಿಂದಗಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ, ಎಲ್ಲೋ ಬದುವಿನ ಮೇಲೆ ಒಂದು ಜಾಲಿ, ಒಂದು ಬೇವು. ಕಟ್ಟಲು ಜಾಗವೇ ಇಲ್ಲದ ಕಡೆ ಲಾರಿಯ ಮುಂದಿನ ವಿಂಚ್ ಶೋಕಿಯ ಸಾಮಾನು ಅಷ್ಟೆ. ಕೊನೆಗೆ ಬರುವುದು ಊರಿನ ಟ್ರ್ಯಾಕ್ಟರ್ ಅಥವಾ ಜೆಸಿಬಿ. ಟ್ರ್ಯಾಕ್ಟರ್ ಬಂದರೆ ಅದನ್ನೇ ಗಟ್ಟಿ ನೆಲದಲ್ಲಿ ನಿಲ್ಲಿಸಿ ಗೂಟದ ಹಾಗೆ ಬಳಸಿ, ವಿಂಚಿನಿಂದ ನಿಧಾನ ಎಳೆದುಕೊಳ್ಳುವುದು ಬುದ್ಧಿವಂತಿಕೆ. ಚೈನ್ ಕಟ್ಟಿ ಟ್ರ್ಯಾಕ್ಟರಿನಿಂದ ಝಟಕಾ ಹೊಡೆಸಿದರೆ ಚೈನ್ ತುಂಡಾಗಬಹುದು, ಇಲ್ಲವೇ ಚಾಸಿಸ್‌ನ ಹುಕ್ ಕಿತ್ತು ಹಾರಬಹುದು.

ದುಡಿಮೆಗಾದರೆ ಹೈಡ್ರಾಲಿಕ್

ಹೈಡ್ರಾಲಿಕ್ ವಿಂಚ್‌ಗೆ ಬಲ ಬರುವುದು ಲಾರಿಯ ಇಂಜಿನ್ನಿನಿಂದ. ಗೇರ್‌ಬಾಕ್ಸಿನ ಬದಿಯಲ್ಲಿ ಪಿಟಿಒ ಕೂರಿಸಿ, ಅದರಿಂದ ಪಂಪ್ ತಿರುಗಿಸಿ, ಎಣ್ಣೆಯ ಒತ್ತಡದಿಂದ ವಿಂಚಿನ ಮೋಟರ್ ಓಡಿಸುತ್ತಾರೆ. ಡೀಸೆಲ್ ಇರುವಷ್ಟು ಹೊತ್ತು ಎಳೆಯಬಹುದು. ಮಿತಿ ಮೀರಿ ಭಾರ ಬಿದ್ದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ವಿಂಚ್ ನಿಲ್ಲುತ್ತದೆ, ಸುಡುವುದಿಲ್ಲ. ಎಳೆತವನ್ನು ಕೈಯಳತೆಯಲ್ಲಿ ನಿಧಾನ ಮಾಡಬಹುದು, ನಿಲ್ಲಿಸಬಹುದು. 10, 20 ಟನ್ನಿನ ಎಳೆತ ಬೇಕಾದ ಕೆಲಸ ದಿನಕ್ಕೆ ಮೂರು ಬಂದರೂ ಹೆದರಬೇಕಾಗಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಆ ಭಾಗವನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ನವೆಂಬರ್‌ನಿಂದ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಕಾರ್ಖಾನೆಗಳಿಗೆ ಹೋಗುತ್ತವೆ. ಒಂದು ಟ್ರೇಲರ್ ಬದಿಗೆ ಮಗುಚಿದರೆ ರಸ್ತೆಯೇ ಬಂದ್. ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿದರೆ ಹೆದ್ದಾರಿ ಪ್ರಾಧಿಕಾರದ ಕ್ರೇನ್ ಸಿಗಬಹುದು. ಒಳಗಿನ ರಸ್ತೆಗಳಲ್ಲಿ, ಇಂಡಿಯಿಂದ ಸಿಂದಗಿಗೆ, ಮುದ್ದೇಬಿಹಾಳದಿಂದ ತಾಳಿಕೋಟಿಗೆ ಹೋಗುವ ದಾರಿಗಳಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಒಂದು ಒಳ್ಳೆಯ ರಿಕವರಿ ಲಾರಿಗೆ ನಿಜವಾದ ಕೆಲಸ ಉಂಟು. ಅಂಥ ಕೆಲಸಕ್ಕೆ ಇಲೆಕ್ಟ್ರಿಕ್ ವಿಂಚ್ ಹಿಡಿದು ಹೋದರೆ ಒಂದು ಹಂಗಾಮಿನಲ್ಲಿ ವಿಂಚೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಹೈಡ್ರಾಲಿಕ್‌ಗೂ ಅದರ ಉಪದ್ರ ಉಂಟು. ಹೋಸ್ ಪೈಪ್ ಸೋರುತ್ತದೆ, ಸೀಲ್ ಹೋಗುತ್ತದೆ, ಎರೆ ಸೀಮೆಯ ಧೂಳು ಎಣ್ಣೆಗೆ ಸೇರಿದರೆ ಪಂಪ್ ತಿನ್ನುತ್ತದೆ. ಫಿಲ್ಟರ್ ಬದಲಿಸಲು ಸೋಮಾರಿತನ ಮಾಡುವವರು ಇದನ್ನು ತೆಗೆದುಕೊಳ್ಳಲೇಬಾರದು. ಇಂಜಿನ್ ಓಡದಿದ್ದರೆ ವಿಂಚೂ ಇಲ್ಲ. ಆದರೆ ರಿಕವರಿ ಲಾರಿ ಎಳೆಯಲು ಬಂದದ್ದು, ಎಳೆಸಿಕೊಳ್ಳಲು ಅಲ್ಲ. ಅದರ ಇಂಜಿನ್ ಕೆಟ್ಟರೆ ವಿಂಚ್ ಇದ್ದೂ ಏನು ಮಾಡುವುದು?

ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಉಂಟು. ಟಿಪ್ಪರ್ ಇಟ್ಟುಕೊಂಡಿರುವ ಮನೆಗಳು ಬಹಳ. ಟಿಪ್ಪರಿನ ಬಾಡಿ ಎತ್ತಲು ಪಿಟಿಒ, ಪಂಪ್, ಎಣ್ಣೆ ಟ್ಯಾಂಕ್ ಮೊದಲೇ ಇರುತ್ತದೆ. ಹಳೆಯ ಟಿಪ್ಪರನ್ನು ರಿಕವರಿ ಲಾರಿ ಮಾಡುವವರಿಗೆ ಅರ್ಧ ಖರ್ಚು ಉಳಿಯಬಹುದು. ಆದರೆ ಬಾಡಿ ಎತ್ತುವ ಪಂಪು ಒಂದು ನಿಮಿಷ ಓಡಿ ನಿಲ್ಲುವಂಥದ್ದು, ವಿಂಚಿಗೆ ಬೇಕಾದದ್ದು ಬಿಡದೆ ಓಡುವ ಪಂಪು. ಪಂಪ್ ಮತ್ತು ಟ್ಯಾಂಕ್ ಸಾಲುತ್ತದಾ ಎಂದು ತಿಳಿದ ಮೆಕ್ಯಾನಿಕ್ ಹತ್ತಿರ ಲೆಕ್ಕ ಹಾಕಿಸಿಯೇ ಮುಂದುವರಿಯಬೇಕು.

ಇನ್ನೊಂದು ಮಾತನ್ನು ಗಲ್ಫಿನಿಂದ ಬಂದವರಿಗೆ ಹೇಳಬೇಕು. ಅಲ್ಲಿ ನೀವು ಎಳೆದದ್ದು ಹೆಚ್ಚಾಗಿ ಕಾರುಗಳನ್ನು, ಮರಳಿನಿಂದ. ಮರಳಿನಲ್ಲಿ ಚಕ್ರದ ಗಾಳಿ ಇಳಿಸಿದರೆ ಅರ್ಧ ಕೆಲಸ ಆಗುತ್ತದೆ. ಎರೆಮಣ್ಣು ಹಾಗೆ ಬಿಡುವುದಿಲ್ಲ. ನಿಮ್ಮ ರಿಕವರಿ ಲಾರಿ 10 ಟನ್ ತೂಗುವಾಗ 14 ಟನ್ ಎಳೆತ ಹಾಕಿದರೆ, ಕೆಸರಿನ ಲಾರಿ ಹೊರಗೆ ಬರುವ ಬದಲು ನಿಮ್ಮ ಲಾರಿಯೇ ಜಾರಿ ಕೆಸರಿನ ಕಡೆ ಹೋಗುತ್ತದೆ. ಹಿಂದಿನಿಂದ ಇನ್ನೊಂದು ಗಾಡಿಗೆ ಬಿಗಿದು ಕಟ್ಟಬೇಕು, ಇಲ್ಲವೇ ನೆಲಕ್ಕೆ ಊರುವ ಕಾಲು ಬೇಕು. ವಿಂಚ್ ಎಷ್ಟು ಟನ್ ಎಂದು ಕೇಳುವಾಗ, ವಿಂಚ್ ಹೊತ್ತ ಲಾರಿ ಎಷ್ಟು ಟನ್ ಎಂದೂ ಕೇಳಬೇಕು.

ಕಪ್ಪಿಯ ಬರಕತ್ತು

ಮೋಟರ್ ದೊಡ್ಡದಿದ್ದರೆ ಎಲ್ಲ ಆಗುತ್ತದೆ ಎಂಬ ಭ್ರಮೆಯನ್ನು ನಾವು ಮೊದಲು ಬಿಡಬೇಕು. ನಮ್ಮ ನೆರೆಯ ಬೇಪೂರಿನ ಮಾಪ್ಪಿಳ ಖಲಾಸಿಗಳನ್ನು ನೆನಪಿಸಿಕೊಳ್ಳಿ. ಉರು ಎಂಬ ದೊಡ್ಡ ಮರದ ಹಡಗುಗಳನ್ನು ಅವರು ನೀರಿಗೆ ಇಳಿಸುತ್ತಿದ್ದದ್ದು ಕೈಯಲ್ಲಿ ತಿರುಗಿಸುವ ವಿಂಚು, ಹಗ್ಗ ಮತ್ತು ಕಪ್ಪಿಗಳಿಂದ. 1988ರ ಜುಲೈ 8ರಂದು ಕೊಲ್ಲಂ ಹತ್ತಿರದ ಪೆರುಮಣ್‌ನಲ್ಲಿ ಐಲ್ಯಾಂಡ್ ಎಕ್ಸ್‌ಪ್ರೆಸ್ ರೈಲಿನ ಬೋಗಿಗಳು ಅಷ್ಟಮುಡಿ ಕೆರೆಗೆ ಬಿದ್ದಾಗ, ಅವನ್ನು ಮೇಲೆತ್ತುವ ಕೆಲಸದಲ್ಲಿ ಕೈಜೋಡಿಸಿದವರು ಇದೇ ಖಲಾಸಿಗಳು. ಅವರ ಹತ್ತಿರ ದೊಡ್ಡ ಮೋಟರ್ ಇರಲಿಲ್ಲ, ಬಲವನ್ನು ಹಂಚುವ ವಿದ್ಯೆ ಇತ್ತು.

ಅದೇ ವಿದ್ಯೆ ಇಲ್ಲಿಯೂ. ವಿಂಚಿನ ರೋಪನ್ನು ಒಂದು ಕಪ್ಪಿಯ ಮೂಲಕ ಹಾಯಿಸಿ ವಾಪಸ್ ತಂದು ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. 5.4 ಟನ್ನಿನ ವಿಂಚ್ ಒಂದು ಕಪ್ಪಿಯಿಂದ ಸುಮಾರು 10 ಟನ್ ಎಳೆದೀತು. ಮೋಟರಿನ ಮೇಲೆ ಬೀಳುವ ಭಾರವೂ ಕಡಿಮೆ, ಬ್ಯಾಟರಿಗೂ ಉಳಿತಾಯ. ಆದರೆ ಕಪ್ಪಿ ಮತ್ತು ಅದನ್ನು ಕಟ್ಟಿದ ಸಂಕೋಲೆಯ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ ಎಂಬುದು ನೆನಪಿರಲಿ. ಗುಜರಿಯಲ್ಲಿ ಸಿಕ್ಕಿದ ಹಳೆಯ ಕಪ್ಪಿ ಇದಕ್ಕೆ ಆಗುವುದಿಲ್ಲ.

ಕೊಕ್ಕೆ ಹಿಡಿಯುವ ಹುಡುಗ

ಈಗ ನಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ವಿಂಚ್ ಯಾವುದಾದರೂ ಇರಲಿ, ಕೆಸರಿಗಿಳಿದು ಕೊಕ್ಕೆ ಹಾಕುವುದು ಕ್ಲೀನರ್ ಹುಡುಗ. ಮಾಲಕರು ವಿಂಚಿಗೆ ಲಕ್ಷ ಹಾಕುತ್ತಾರೆ, ಆ ಹುಡುಗನ ಕೈಗೆ ಒಂದು ಜೊತೆ ಚರ್ಮದ ಗ್ಲೌಸ್ ಕೊಡುವುದಿಲ್ಲ. ಬಿಗಿಯಾಗಿ ಎಳೆದಿರುವ ಸರಿಗೆ ರೋಪ್ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಕಾಲು ಮುರಿಯಬಹುದು, ಜೀವವೇ ಹೋಗಬಹುದು.

ಅದಕ್ಕೆ ನಾವು ಹೇಳುವುದು ಇಷ್ಟು. ಎಳೆಯುವಾಗ ರೋಪಿನ ಹತ್ತಿರ ಯಾರೂ ನಿಲ್ಲಬಾರದು, ರೋಪ್ ದಾಟಲೇಬಾರದು. ರೋಪಿನ ನಡುವೆ ಒಂದು ಭಾರದ ಕಂಬಳಿಯೋ ಒದ್ದೆ ಗೋಣಿಯೋ ಹಾಕಬೇಕು, ತುಂಡಾದರೂ ಅದು ನೆಲಕ್ಕೆ ಬೀಳುತ್ತದೆ. ಡ್ರಮ್ಮಿನಲ್ಲಿ ಕಡಿಮೆಯೆಂದರೂ ಐದು ಸುತ್ತು ರೋಪ್ ಉಳಿದಿರಬೇಕು. ಎಳೆ ಬಿಟ್ಟ ರೋಪನ್ನು ಗಂಟು ಹಾಕಿ ಬಳಸಬಾರದು. ಬಾವಿಗೆ ಬಿದ್ದವರನ್ನು ಎತ್ತಲು ಲಾರಿಯ ವಿಂಚ್ ಬಳಸಬಾರದು, ಗಾಡಿ ಎಳೆಯುವ ವಿಂಚ್ ಮನುಷ್ಯರನ್ನು ಎತ್ತಲು ಮಾಡಿದ್ದಲ್ಲ. ಸುತ್ತ ನಿಂತು ಮೊಬೈಲ್ ಹಿಡಿಯುವ ಜನರನ್ನು ಮೊದಲು ದೂರ ಕಳಿಸಬೇಕು. ಇವು ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಮನೆಯಲ್ಲಿರುವ ಉಮ್ಮಂದಿರು ಮಗ ಲಾರಿಗೆ ಹೊರಡುವಾಗ ಊಟದ ಬುತ್ತಿಯ ಜೊತೆ ಗ್ಲೌಸ್ ಉಂಟಾ ಎಂದೂ ಕೇಳಬೇಕು.

ಸಾಲ ಮತ್ತು ಕಾಗದಪತ್ರ

ದುಡ್ಡಿನ ಮಾತು. ರಿಕವರಿ ಲಾರಿಗೆಂದು 10 ಲಕ್ಷ ಸಾಲ, 12 ಶೇಕಡಾ ಬಡ್ಡಿ, 5 ವರ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 22 ಸಾವಿರ ಕಂತು. ಐದು ವರ್ಷಕ್ಕೆ ಕಟ್ಟಿದ ಒಟ್ಟು ಮೊತ್ತ 13 ಲಕ್ಷ ದಾಟುತ್ತದೆ. ಕಬ್ಬಿನ ಹಂಗಾಮು ಮತ್ತು ಮಳೆಯ ತಿಂಗಳು ಬಿಟ್ಟರೆ ಕೆಲಸ ತೆಳುವಾಗುತ್ತದೆ, ಕಂತು ತೆಳುವಾಗುವುದಿಲ್ಲ. ಬಡ್ಡಿಯ ಗೊಡವೆಯೇ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ದಾರಿ ಉಂಟು. ಒಂದೇ ಮಾರ್ಗದಲ್ಲಿ ಲಾರಿ ಓಡಿಸುವ ಐದಾರು ಮಾಲಕರು ಪಾಲು ಹಾಕಿ ಒಂದೇ ಹೈಡ್ರಾಲಿಕ್ ರಿಕವರಿ ಲಾರಿ ಮಾಡಬಹುದು. ತಮ್ಮ ಲಾರಿ ಹೂತಾಗ ಖರ್ಚಿನ ದರ, ಹೊರಗಿನವರಿಗೆ ಬಾಡಿಗೆ ದರ. ಐದು ಲಾರಿಗೆ ಐದು ಅಗ್ಗದ ವಿಂಚ್ ತರಿಸುವುದಕ್ಕಿಂತ ಇದು ಮೇಲು. ಅಲ್ಲಿಯ ಸ್ಥಳೀಯ ಲಾರಿ ಮಾಲಕರನ್ನೂ ಪಾಲಿಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಮಣ್ಣು ಗೊತ್ತಿರುವುದು ಅವರಿಗೆ, ಐನೂರು ಕಿಲೋಮೀಟರ್ ಆಚೆ ನಮ್ಮ ಹುಡುಗ ಸಿಕ್ಕಿಬಿದ್ದಾಗ ಮೊದಲು ಬಂದು ನಿಲ್ಲುವವರೂ ಅವರೇ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ಗಾಡಿಗಳ ಮುಂದಿನ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿತ್ತು. ವಿಂಚ್ ಕೂರಿಸಲೆಂದು ಮುಂದೆ ದೊಡ್ಡ ಕಬ್ಬಿಣದ ಚೌಕಟ್ಟು ಬೆಸೆದರೆ ದಾರಿಯಲ್ಲಿ ತಡೆಯುತ್ತಾರೆ, ಅಪಘಾತವಾದರೆ ವಿಮೆಯವರೂ ಪ್ರಶ್ನೆ ಎತ್ತಬಹುದು. ಬೆಸುಗೆ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ರಿಕವರಿ ದಂಧೆಗಾದರೆ ಗಾಡಿಯನ್ನು ರಿಕವರಿ ವಾಹನವೆಂದೇ ನೋಂದಾಯಿಸಿ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿ ಪಾಲಾದ ಲಾರಿಯನ್ನು, ಅದರೊಳಗಿದ್ದ ಕೋಝಿಕ್ಕೋಡಿನ ಚಾಲಕ ಅರ್ಜುನ್ ಅವರ ಶರೀರವನ್ನು ಹೊರತೆಗೆಯಲು ಸೆಪ್ಟೆಂಬರ್ 25ರವರೆಗೆ, 71 ದಿನ ಕಾಯಬೇಕಾಯಿತು. ಅದು ವಿಂಚಿನಿಂದ ಆಗುವ ಕೆಲಸವಾಗಿರಲಿಲ್ಲ, ನಿಜ. ಆದರೆ ಆ ದಿನಗಳಲ್ಲಿ ಲಾರಿ ಓಡಿಸುವವರ ಪ್ರತಿಯೊಂದು ಮನೆಯೂ ಟಿವಿ ಮುಂದೆ ಕೂತಿತ್ತು. ಸಿಕ್ಕಿಬಿದ್ದ ಲಾರಿಯೊಳಗೆ ಒಬ್ಬ ಮಗ ಇರುತ್ತಾನೆ ಎಂದು ನಮಗೆಲ್ಲ ಗೊತ್ತು.

ಆದ್ದರಿಂದ ವಿಂಚ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ. ನಾವು ಎಳೆಯುವುದು ನಮ್ಮನ್ನೋ, ಬೇರೆಯವರನ್ನೋ? ತಿಂಗಳಿಗೆ ಒಂದು ಸಲವೋ, ದಿನಕ್ಕೆ ಮೂರು ಸಲವೋ? ಕಟ್ಟಲು ಜಾಗ, ಕಪ್ಪಿ, ಒಳ್ಳೆಯ ರೋಪ್, ತಿಳಿದ ಆಳು ಉಂಟೋ? ತಮ್ಮ ಲಾರಿಯನ್ನು ಅಪರೂಪಕ್ಕೆ ಎಳೆದುಕೊಳ್ಳುವವರಿಗೆ 24 ವೋಲ್ಟಿನ ಇಲೆಕ್ಟ್ರಿಕ್ ಸಾಕು. ದಿನವೂ ಬೇರೆಯವರನ್ನು ಎಳೆಯುವವರಿಗೆ ಹೈಡ್ರಾಲಿಕ್ಕೇ ಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲದವರು ಸದ್ಯಕ್ಕೆ ಎರಡೂ ಕೊಳ್ಳದೆ, ಮೋಡ ಕಂಡ ದಿನ ಲಾರಿಯನ್ನು ಡಾಮರು ಬಿಟ್ಟು ಎರೆ ಹೊಲಕ್ಕೆ ಇಳಿಸದೆ, ನೀರುಳ್ಳಿಯನ್ನು ರಸ್ತೆಯವರೆಗೆ ಟ್ರ್ಯಾಕ್ಟರಿನಲ್ಲಿ ತರಿಸಿಕೊಳ್ಳಲಿ. ಆ ಬಾಡಿಗೆ ಯಾವ ವಿಂಚಿಗಿಂತಲೂ ಅಗ್ಗ.